ಗುಳಿಗೆ ಮೊದಲು ಬಂತು, ಮಾತು ತಡವಾಯಿತು

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ 1956ರವರೆಗೆ ಬೆಂಗಳೂರಿನ ಕಡೆ ಮುಖ ಮಾಡಿದ್ದಲ್ಲ. ನಿಜಾಮರ ಆಳ್ವಿಕೆಯಿಂದ ಬಂದ ರಾಯಚೂರು ಜಿಲ್ಲೆಗೆ ಕಚೇರಿ, ಕೋರ್ಟು, ದೊಡ್ಡ ದವಾಖಾನೆ ಎಲ್ಲಕ್ಕೂ ಹೈದರಾಬಾದೇ ಗತಿ. ಆ ಸಂಸ್ಥಾನದ ಮಾನಸಿಕ ಆಸ್ಪತ್ರೆ ಇನ್ನೂ ದೂರದ ಜಾಲ್ನಾದಲ್ಲಿತ್ತು. ಹೈದರಾಬಾದಿನ ಎರ್ರಗಡ್ಡಕ್ಕೆ ಬಂದದ್ದು 1953ರಲ್ಲಿ. ಧಾರವಾಡದ ಆಸ್ಪತ್ರೆ ಮುಂಬೈ ಪ್ರಾಂತ್ಯದ್ದು, ಬೆಂಗಳೂರಿನದು ಮೈಸೂರು ಅರಸರದ್ದು. ಮನೆಯಲ್ಲಿ ಒಬ್ಬರು ಮಾತು ಬಿಟ್ಟರೆ, ನಿದ್ದೆಗೆಟ್ಟು ಅಲೆದಾಡಿದರೆ "ಗಾಳಿ ಬಡದೈತಿ" ಎಂದು ಗುಡಿಗೋ ದರ್ಗಾಕ್ಕೋ ಕರೆದೊಯ್ಯುತ್ತಿದ್ದರು. ಅದು ಬರೀ ಮೂಢನಂಬಿಕೆಯಲ್ಲ. ಕೈಗೆಟುಕುವ ದಾರಿ ಅದೊಂದೇ ಇತ್ತು.

ಅತ್ತ ಮೈಸೂರಿನಲ್ಲಿ ಬೇರೆಯೇ ಕೆಲಸ ನಡೆದಿತ್ತು. ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ಡಾ. ಎಂ.ವಿ. ಗೋವಿಂದಸ್ವಾಮಿ ಬೆಳೆಸಿದರು. ಅದರ ಆವರಣದಲ್ಲೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಮರುವರ್ಷ ಅಲ್ಲಿ ವೈದ್ಯರಿಗೊಂದು, ಮನಶ್ಶಾಸ್ತ್ರ ಓದಿದವರಿಗೊಂದು ತರಬೇತಿ ಶುರುವಾಯಿತು. ಔಷಧಿ ಬರೆಯದೆ, ಪರೀಕ್ಷೆಗಳಿಂದ ತೊಂದರೆ ಗುರುತಿಸಿ, ಮಾತುಕತೆ ಮತ್ತು ಅಭ್ಯಾಸಗಳಿಂದ ಸರಿಪಡಿಸುವ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ವೃತ್ತಿಗೆ ದೇಶದಲ್ಲಿ ನೆಲೆ ಸಿಕ್ಕಿದ್ದು ಹೀಗೆ. ಈ ಸಂಸ್ಥೆಯೂ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಹಳ್ಳಿಯ ಜನ ಬೆಂಗಳೂರಿಗೆ ಹೋಗಲಾರರು ಎಂಬುದು ನಿಮ್ಹಾನ್ಸಿನವರಿಗೂ ತಿಳಿದಿತ್ತು.

1980ರ ದಶಕದಲ್ಲಿ ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಸಿಂಧನೂರು ತಾಲ್ಲೂಕಿನಿಂದ ತುಂಗಭದ್ರೆ ದಾಟಿದರೆ ಅದೇ ಸೀಮೆಯ ಸಿರುಗುಪ್ಪ. ಸುಮಾರು 15 ಲಕ್ಷ ಜನರಿದ್ದ ಆ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗ ಗುರುತಿಸುವುದನ್ನು ಕಲಿಸಿದರು. ಗುಳಿಗೆ ಅಲ್ಲೇ ಸಿಗುವಂತೆ ಮಾಡಿದರು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ತಳಪಾಯ.

ಆದರೆ ಒಂದು ಕೊರತೆ ಉಳಿಯಿತು. ಹೊರಗೆ ಸಾಲು ನಿಂತಿರುವಾಗ ವೈದ್ಯರು ಗುಳಿಗೆ ಕೊಡಬಲ್ಲರು. ವಾರವಾರವೂ ಮುಕ್ಕಾಲು ಗಂಟೆ ಕೂತು ಒಬ್ಬರ ಮಾತು ಕೇಳಲಾರರು. ಮಾತಿನ ಚಿಕಿತ್ಸೆ, ಅಂದರೆ ಥೆರಪಿ, ಬೇಡುವುದು ಆ ಹೊತ್ತನ್ನೇ. ಜಿಲ್ಲಾ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯಿದ್ದರೂ ಅದಕ್ಕೆ ತಕ್ಕ ತರಬೇತಿ ಪಡೆದವರು ದೇಶದಲ್ಲೇ ವಿರಳ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ 'ಮನೋಚೈತನ್ಯ' ಯೋಜನೆಯನ್ನು ಕರ್ನಾಟಕ ಸರ್ಕಾರ ಆಮೇಲೆ ತಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದು ಒಪ್ಪಿತು. ಹೊಸದಾಗಿ ತಾಲ್ಲೂಕಾದ ಮಸ್ಕಿಯವರಿಗೂ ಆ ಹಕ್ಕು ಅಷ್ಟೇ ಸಲ್ಲುತ್ತದೆ.

ಹಾಗಾದರೆ ಚಿಕಿತ್ಸೆಗೆ ಯಾವಾಗ, ಯಾರ ಬಳಿ ಹೋಗಬೇಕು? ಬೆಳೆ ಕೈಕೊಟ್ಟಾಗ, ಮನೆಯಲ್ಲಿ ಸಾವಾದಾಗ ದುಃಖ ಸಹಜ; ಅದೆಲ್ಲ ಕಾಯಿಲೆಯಲ್ಲ. ಬೇಸರವೋ ಭಯವೋ ಎರಡು ವಾರ ದಾಟಿಯೂ ಇಳಿಯದೆ, ನಿದ್ದೆ, ಊಟ, ಕೆಲಸ ಕೆಡತೊಡಗಿದರೆ ತಡಮಾಡಬಾರದು. ಗಾಬರಿ, ಖಿನ್ನತೆ, ಗೀಳು, ದಾಂಪತ್ಯದ ಜಗಳ, ಮಕ್ಕಳ ಕಲಿಕೆಯ ತೊಡಕು ಇವಕ್ಕೆ ಥೆರಪಿ ನೆರವಾಗುತ್ತದೆ. ಇಲ್ಲದ ದನಿ ಕೇಳಿಸಿದರೆ, ಅನುಮಾನ ಮಿತಿಮೀರಿದರೆ ಮೊದಲು ಮನೋವೈದ್ಯರ ಬಳಿ ಹೋಗಬೇಕು; ಅಲ್ಲಿ ಗುಳಿಗೆ ಬೇಕೇ ಬೇಕು. ಹಲವರಿಗೆ ಎರಡೂ ಬೇಕಾಗುತ್ತವೆ. ಥೆರಪಿಗೆ ಹೋಗುವವರು ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಸಾಯುವ ಯೋಚನೆ ಬಂದರಂತೂ ಎರಡು ವಾರದ ಲೆಕ್ಕ ಬೇಡ. ಅಂದೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದರ ಸಂಖ್ಯೆ 14416.