ಏಳು ಖಂಡ, ಏಳು ಜ್ವಾಲಾಮುಖಿ

ಅನಮೋಡ ಘಟ್ಟದ ಬಂಡೆಗಳು ಧಾರವಾಡ ಶಿಲಾವರ್ಗದವು. 250 ಕೋಟಿ ವರ್ಷಕ್ಕೂ ಹಳೆಯವು. ಬೆಳಗಾವಿ ದಾಟಿ ಉತ್ತರಕ್ಕೆ ಹೋದರೆ ಸಿಗುವ ಕರಿಕಲ್ಲಿನ ಕಥೆಯೇ ಬೇರೆ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ, ಪದರ ಪದರವಾಗಿ ಹರಡಿದ ಲಾವಾ. ನಮ್ಮ ಎರೆಭೂಮಿ ಬಹುಪಾಲು ಅದೇ ಕಲ್ಲು ಸವೆದು ಆದದ್ದು. ಬಿರುಕಿನಿಂದ ನೀರಿನಂತೆ ಹರಿದ ಲಾವಾ ಶಿಖರ ಕಟ್ಟುವುದಿಲ್ಲ. ಹಾಗಾಗಿ ಇಷ್ಟು ಲಾವಾದ ಮೇಲೆ ಬಾಳುವ ನಮಗೆ ಹತ್ತಲು ಒಂದು ಜ್ವಾಲಾಮುಖಿಯೂ ಇಲ್ಲ.

ಹೊರಗಿನ ದೊಡ್ಡ ಜ್ವಾಲಾಮುಖಿಗಳನ್ನು ಮೊದಲು ಹತ್ತಿದವರು ಯಾರು? ಸೈನಿಕರು, ವಿಜ್ಞಾನಿಗಳು, ಸಾಮ್ರಾಜ್ಯದ ಜನ. ಜೊತೆಗೆ ಸ್ಥಳೀಯರು. 1829ರಲ್ಲಿ ರಷ್ಯದ ಜನರಲ್ ಇಮ್ಯಾನುಯೆಲ್‌ನ ತಂಡ ಎಲ್‌ಬ್ರಸ್‌ಗೆ ಹೊರಟಿತು. ವಿಜ್ಞಾನಿಗಳು ಸುಸ್ತಾಗಿ ನಡುವೆಯೇ ನಿಂತರು. ಪೂರ್ವ ಶಿಖರ ಮುಟ್ಟಿದ್ದು ದಾರಿ ತೋರಿಸಲು ಬಂದಿದ್ದ ಕಿಲ್ಲಾರ್. 1848ರಲ್ಲಿ ಮೆಕ್ಸಿಕೊದ ಪಿಕೊ ದೆ ಒರಿಸಾಬಾ ಹತ್ತಿದ್ದು ಅಮೆರಿಕದ ಸೈನಿಕರು. ಅವರ ಮಾತನ್ನು ಜನ ನಂಬಲಿಲ್ಲ. 1851ರಲ್ಲಿ ಮೇಲೆ ಹೋದ ಫ್ರೆಂಚ್ ಆರೋಹಿಗೆ ಅವರು ನೆಟ್ಟ ಧ್ವಜದ ಗುರುತು ಸಿಕ್ಕಿತು.

ಕಿಲಿಮಂಜಾರೊ ಹಾನ್ಸ್ ಮೆಯರ್‌ಗೆ ಮೂರನೆಯ ಯಾತ್ರೆಯಲ್ಲಿ ಒಲಿಯಿತು. 1889ರ ಅಕ್ಟೋಬರ್ 3ರಂದು ಅವನೂ ಲುಡ್‌ವಿಗ್ ಪುರ್ಟ್‌ಶೆಲ್ಲರ್‌ನೂ ಕುಳಿಯ ಅಂಚಿನವರೆಗೆ ಹೋಗಿ ಮರಳಿದರು. ಗಾಜಿನಂತೆ ಗಟ್ಟಿಯಾದ ಮಂಜಿನಲ್ಲಿ ಪುರ್ಟ್‌ಶೆಲ್ಲರ್ ಕೊಡಲಿಯಿಂದ ಮೆಟ್ಟಿಲು ಕಡಿಯುತ್ತಿದ್ದ. ಒಂದೊಂದು ಮೆಟ್ಟಿಲಿಗೂ ಹತ್ತಾರು ಏಟು. ಅಕ್ಟೋಬರ್ 6ರಂದು ತುದಿ ಮುಟ್ಟಿದರು. ಆ ದಿನಗಳಲ್ಲಿ ಎತ್ತರದ ಬಿಡಾರ ಕಾಯ್ದವನು ಮುಯಿನಿ ಅಮಾನಿ ಎಂಬ ಆಫ್ರಿಕನ್ ಸಂಗಾತಿ. ಶಿಖರಕ್ಕೆ ಮೆಯರ್ ಇಟ್ಟಿದ್ದು ಮಾತ್ರ ಜರ್ಮನ್ ಚಕ್ರವರ್ತಿಯ ಹೆಸರು. ದೇಶ ಸ್ವತಂತ್ರವಾದ ಮೇಲೆ ಅದು ಉಹುರು ಆಯಿತು.

6,893 ಮೀಟರಿನ ಓಖೊಸ್ ದೆಲ್ ಸಲಾದೊವನ್ನು ಪೋಲೆಂಡಿನವರು 1937ರಲ್ಲಿ ಏರಿದರು. ಅಂಟಾರ್ಕ್ಟಿಕದ ಸಿಡ್ಲಿಗೆ ಮನುಷ್ಯ ಕಾಲಿಟ್ಟಿದ್ದು 1990ರಲ್ಲಷ್ಟೆ. ಇವನ್ನು ಖಂಡಕ್ಕೊಂದರಂತೆ ಸೇರಿಸಿ ‘ಏಳು ಜ್ವಾಲಾಮುಖಿ ಶಿಖರ’ ಎಂಬ ಪಟ್ಟಿ ಮಾಡಿದ್ದು ಇತ್ತೀಚಿನವರು. ಪಟ್ಟಿಯಲ್ಲೂ ತಕರಾರಿದೆ: ಎಲ್‌ಬ್ರಸ್ ಏಷ್ಯಾದ್ದು ಎಂದರೆ ಇರಾನಿನ ದಮಾವಂದ್ ಹೊರಬೀಳುತ್ತದೆ, ಯುರೋಪಿನ ಪಾಲಿಗೆ ಎಟ್ನಾ ಉಳಿಯುತ್ತದೆ.

ಈ ಪಟ್ಟಿಯ ಬೆನ್ನು ಹತ್ತಿದವರಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಸತ್ಯರೂಪ್ ಸಿದ್ಧಾಂತ ಒಬ್ಬರು. ಮೂಲ ಪಶ್ಚಿಮ ಬಂಗಾಳ. ಚಿಕ್ಕಂದಿನಿಂದ ಆಸ್ತಮಾ, ಜೇಬಿನಲ್ಲಿ ಇನ್‌ಹೇಲರ್. 2012ರಲ್ಲಿ ಕಿಲಿಮಂಜಾರೊ, 2016ರಲ್ಲಿ ಎವರೆಸ್ಟ್ ಏರಿದ ಅವರು 2019ರ ಜನವರಿಯಲ್ಲಿ ಸಿಡ್ಲಿಯ ತುದಿ ಮುಟ್ಟಿದರು. ಏಳು ಖಂಡಗಳ ಅತ್ಯುನ್ನತ ಶಿಖರ, ಅತ್ಯುನ್ನತ ಜ್ವಾಲಾಮುಖಿ ಎರಡನ್ನೂ ಪೂರೈಸಿದ ಅತಿ ಕಿರಿಯ ಎಂಬ ದಾಖಲೆ 35ನೇ ವಯಸ್ಸಿನಲ್ಲಿ ಅವರದಾಯಿತು. ಅದು ಮೊದಲು ಆಸ್ಟ್ರೇಲಿಯಾದ ಡೇನಿಯಲ್ ಬುಲ್ ಹೆಸರಲ್ಲಿತ್ತು.

ಇಂಥ ದಾಖಲೆಗಳ ಸುದ್ದಿ ಬರೆಯುವವರು ದಾರಿ ತೋರಿಸಿದವರ, ಹೊರೆ ಹೊತ್ತವರ ಹೆಸರಿಗೂ ಒಂದು ಸಾಲು ಜಾಗ ಕೊಡಲಿ.