ಅಜ್ಜಿಯ ನಾಗಿಣಿ

2016ರಲ್ಲಿ ಜೀ ಕನ್ನಡದಲ್ಲಿ ‘ನಾಗಿಣಿ’ ಶುರುವಾದಾಗ ದೊಡ್ಡಬಳ್ಳಾಪುರದ ನಮ್ಮ ಮನೇಲಿ ಮಗ್ಗ ಆಫ್ ಮಾಡಿ ಟೀವಿ ಮುಂದೆ ಕೂರ್ತಿದ್ವಿ. ದೀಪಿಕಾ ದಾಸ್ ಹಾವಾದರೆ ಗ್ರಾಫಿಕ್ಸ್ ನೋಡಿ ನಮಗೆ ನಗು. ಅಜ್ಜಿ ಮಾತ್ರ ಕೈಮುಗೀತಿದ್ದಳು.

2020ರಲ್ಲಿ ‘ನಾಗಿಣಿ 2’ ಬಂತು, ನಮ್ರತಾ ಗೌಡ ನಾಯಕಿ. ‘ಹಳೇ ನಾಗಿಣಿನೇ ಚೆನ್ನಾಗಿದ್ಲು’ ಅನ್ನೋದು ನಮ್ಮ ತಕರಾರು. ಅಜ್ಜಿಯದೇ ಬೇರೆ: ‘ಮತ್ತೆ ಸೇಡೇನಾ? ನಾಗಪ್ಪ ಇರೋದು ಅದಕ್ಕೇನಾ?’

ಸೇಡಿನ ಹೆಣ್ಣುಹಾವು 1976ರ ಹಿಂದಿ ಸಿನಿಮಾ ‘ನಾಗಿನ್’ನಲ್ಲೇ ಗೆದ್ದವಳು. ನಮ್ಮೂರಿನ ನಾಗಪ್ಪ ಹಾಗಲ್ಲ. ಘಾಟಿ ಸುಬ್ರಹ್ಮಣ್ಯದಲ್ಲಿ ಮಕ್ಕಳಾಗಲಿ ಅಂತ ಹರಕೆ ಹೊತ್ತವರ ನಾಗರಕಲ್ಲುಗಳು ಸಾಲಾಗಿ ನಿಂತಿವೆ. ಅದರಲ್ಲೊಂದು ಅಜ್ಜಿಯದು. ಅಪ್ಪ ಹುಟ್ಟಿದ್ದು ಆಮೇಲೆ.

ಕಲ್ಲಿಡದಿದ್ದರೆ ಅಪ್ಪ ಇರ್ತಿರಲಿಲ್ಲ ಅನ್ನೋದು ಅವಳ ಲೆಕ್ಕ. ಆ ಲೆಕ್ಕದಲ್ಲಿ, ಗ್ರಾಫಿಕ್ಸ್ ನೋಡಿ ನಗೋಕೆ ನಾನೂ ಇರ್ತಿರಲಿಲ್ಲ.