ತೋಟಿ: ಒಂದು ಶಬ್ದ, ಒಂದು ಬೋರ್ಡು

ಹೋದ ವರ್ಷ ಬಿ.ಎ. ತರಗತಿಗೆ ಕುವೆಂಪು ಅವರ 'ಜಲಗಾರ' ಪಾಠ ಮಾಡುತ್ತಿದ್ದೆ. ಬೀದಿ ಗುಡಿಸುವವನ ಎದುರು ಶಿವನೂ ಜಲಗಾರನಾಗಿಯೇ ಬಂದು ನಿಲ್ಲುವ ಭಾಗ. ಗುಡಿಯೊಳಗಿನ ದೇವರನ್ನು ಕವಿ ಬೀದಿಗೆ ತಂದು ನಿಲ್ಲಿಸಿದರು ಎಂದು ಸ್ವಲ್ಪ ಆವೇಶದಿಂದಲೇ ಹೇಳಿದೆ. ಹಿಂದಿನ ಬೆಂಚಿನಲ್ಲಿದ್ದ ಹುಡುಗಿ ಎದ್ದು ನಿಂತು, "ಸಾರ್, ಶಿವ ಬಂದು ಹೋದ್ಮೇಲೆ ಮಾರನೇ ದಿನ ಆ ಬೀದಿ ಗುಡಿಸ್ದೋರು ಯಾರು ಸಾರ್?" ಅಂದಳು. ಕ್ಲಾಸು ನಕ್ಕಿತು. ನಾನೂ ನಕ್ಕೆ. ಸ್ಟಾಫ್ ರೂಮಿಗೆ ಬಂದು ಕೂತ ಮೇಲೆ ಆ ನಗು ಉಳಿಯಲಿಲ್ಲ.

ಈ ನಾಟಕದ ಬಗ್ಗೆ ನಮ್ಮ ವಿಮರ್ಶೆ ಬೇಕಾದಷ್ಟು ಬರೆದಿದೆ. ಪುರೋಹಿತಶಾಹಿಯ ಖಂಡನೆ, ಕಾಯಕದ ಘನತೆ, ವೈಚಾರಿಕತೆ ಎಲ್ಲವೂ ಬಂದಿದೆ. ಆದರೆ ಆ ಜಲಗಾರನಿಗೆ ಸಂಬಳ ಕೊಡುತ್ತಿದ್ದವರು ಯಾರು, ಅವನ ಹಾಜರಿ ಹಾಕುತ್ತಿದ್ದವರು ಯಾರು ಎಂಬ ಪ್ರಶ್ನೆ ಏಳಲೇ ಇಲ್ಲ. ಜಲಗಾರ ಆಕಾಶದಿಂದ ಬಿದ್ದವನಲ್ಲ. ಅವನು ಒಂದು ಆಫೀಸಿನ ನೌಕರ. ಆ ಆಫೀಸಿನ ಚರಿತ್ರೆ ನಮಗೆ ಗೊತ್ತಿಲ್ಲದೆ ಅವನ ಚರಿತ್ರೆಯೂ ಗೊತ್ತಾಗುವುದಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಮೈಸೂರು ಸಂಸ್ಥಾನ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ಮುಂದೆ ಮೈಸೂರು ನಗರಕ್ಕೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು, ಅಗಲವಾದ ಬೀದಿಗಳು ಬಂದವು. ಈ ಕಥೆಯನ್ನು ದಿವಾನರ, ಇಂಜಿನಿಯರುಗಳ ಸಾಧನೆಯಾಗಿ ಓದಿ ಪರೀಕ್ಷೆ ಬರೆದವರು ನಾವು. ಅಗಲವಾದ ಬೀದಿಗೆ ಹೆಚ್ಚು ಪೊರಕೆ ಬೇಕು ಎನ್ನುವುದು ಆ ಪುಸ್ತಕಗಳಲ್ಲಿಲ್ಲ.

ನಮ್ಮ ಕೋಲಾರದ ಸೀಮೆಯಲ್ಲೇ ಇದಕ್ಕೊಂದು ವಿಚಿತ್ರ ಉದಾಹರಣೆ ಇದೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗಾರಿಕೆಗೆ ಇಳಿಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು. ಉತ್ತರ ಆರ್ಕಾಟಿನಿಂದ, ಚಿತ್ತೂರಿನ ಕಡೆಯಿಂದ ಬಂದ ಕೂಲಿಗಳಲ್ಲಿ ಬಹುಪಾಲು ದಲಿತರು. ಈ ಊರಿಗೆ ಸಿಕ್ಕ ಸ್ಥಳೀಯ ಸಂಸ್ಥೆಯ ಹೆಸರು ಸ್ಯಾನಿಟರಿ ಬೋರ್ಡ್. ಹೆಸರನ್ನೇ ಗಮನಿಸಿ. ಪುರ ಅಲ್ಲ, ಸಭೆ ಅಲ್ಲ. ಕೂಲಿಗಳ ಊರನ್ನು ಆಳುವುದೆಂದರೆ ಅದರ ರೋಗ ಮತ್ತು ಹೊಲಸು ತಡೆಯುವುದು ಎಂಬ ಆಡಳಿತದ ದೃಷ್ಟಿ ಆ ಹೆಸರಲ್ಲೇ ಇದೆ.

ಆ ಕಾಲದ ಇಂಥ ಬೋರ್ಡುಗಳ ದಿನಚರಿ ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ. ಹುಟ್ಟು ಸಾವು ಬರೆದುಕೊಳ್ಳುವುದು. ಮಕ್ಕಳಿಗೆ ಮೈಲಿ ಹಾಕಿಸುವುದು. ಕಾಲರಾ ಬಂದರೆ ಬಾವಿಗೆ ಪರ್ಮಾಂಗನೇಟ್ ಹಾಕುವುದು. ಇಲಿ ಬಿದ್ದರೆ ಮನೆ ಖಾಲಿ ಮಾಡಿಸುವುದು. ಕಸಾಯಿಖಾನೆ, ಹೋಟೆಲು ತಪಾಸಣೆ. ಇವೆಲ್ಲ ಹಗಲಿನ ಕೆಲಸ, ಇದಕ್ಕೆ ಇನ್ಸ್‌ಪೆಕ್ಟರು, ಮೇಸ್ತ್ರಿ, ಪುಸ್ತಕ, ರುಜು ಉಂಟು. ಉಳಿದದ್ದು ಬೆಳಗಾಗುವ ಮುಂಚಿನ ಕೆಲಸ. ಮನೆಗಳ ಹಿಂದೆ ಒಂದು ಓಣಿ ಬಿಡುತ್ತಿದ್ದರು. ಕಕ್ಕಸಿನ ಹಿಂಗೋಡೆಗೆ ಒಂದು ಚಿಕ್ಕ ಕಿಂಡಿ. ಅದರೊಳಗೆ ಕೈ ಹಾಕಿ ತಗಡಿನಲ್ಲಿ ಬಳಿದು, ಬಕೆಟ್ಟಿಗೆ ತುಂಬಿ, ತಲೆಯ ಮೇಲೆ ಗಾಡಿಯವರೆಗೆ ಹೊತ್ತು, ಊರಾಚೆ ತೋಡಿದ ಕಂದಕಕ್ಕೆ ಸುರಿದು ಮಣ್ಣು ಮುಚ್ಚಬೇಕು. ಅದು ಗೊಬ್ಬರವಾದ ಮೇಲೆ ರೈತರಿಗೆ ಮಾರಿ ದುಡ್ಡು ಮಾಡಿಕೊಂಡ ಪುರಸಭೆಗಳೂ ಉಂಟು. ಮಲಕ್ಕೆ ಬೆಲೆ ಬಂತು, ಹೊತ್ತವರಿಗೆ ಬರಲಿಲ್ಲ. ಬಾಗಿಲಿಂದ ಬರುವ ಹಾಗಿಲ್ಲ, ಆದರೆ ದಿನಾ ಬರಲೇಬೇಕು; ಆ ಓಣಿ ಇದ್ದದ್ದು ಇದಕ್ಕಾಗಿ. ನಮ್ಮ ಆಧುನಿಕತೆ ಅಸ್ಪೃಶ್ಯತೆಯನ್ನು ತೆಗೆಯಲಿಲ್ಲ, ಅದಕ್ಕೊಂದು ಪ್ಲ್ಯಾನು ಬರೆದು ಪಾಸು ಮಾಡಿಸಿತು.

ಇನ್ನೊಂದು, 'ತೋಟಿ' ಎಂಬ ಶಬ್ದ. ಹಳೇ ಮೈಸೂರಿನ ಹಳ್ಳಿಗಳಲ್ಲಿ ತೋಟಿ ಆಯಗಾರರ ಪೈಕಿ ಒಬ್ಬ. ಬೆಳೆ ಕಾಯುವವನು, ಊರಿನ ಎಲ್ಲೆ ಬಲ್ಲವನು. ಗೌಡ ಶಾನುಭೋಗರ ಕೆಳಗೇ ಇದ್ದರೂ ಗಡಿ ತಕರಾರಿನಲ್ಲಿ ಅವನ ಮಾತು ನಡೆಯುತ್ತಿತ್ತು. ಮದ್ರಾಸ್ ಪ್ರಾಂತ್ಯದ ಮುನಿಸಿಪಾಲಿಟಿಗಳಲ್ಲಿ ಅದೇ ಶಬ್ದಕ್ಕೆ ಮಲ ಹೊರುವವನು ಎಂಬ ಅರ್ಥ ಬಂತು. ಚಿನ್ನದ ಗಣಿಯ ಊರಲ್ಲೂ ಅದೇ ಅರ್ಥ. ಹಳ್ಳಿಯ ಕಟ್ಟುಪಾಡಿನ ಒಂದು ಹುದ್ದೆ ಪೇಟೆಗೆ ಹೋಗಿ ಸರ್ಕಾರಿ ಸಂಬಳದ ಜಾತಿಯಾಯಿತು.

ನನ್ನ ತಾತ ತೋಟಿ. ಇದನ್ನು ನಾನು ವೇದಿಕೆಗಳಲ್ಲಿ ಹೇಳಿಕೊಂಡಿದ್ದೇನೆ, ಚಪ್ಪಾಳೆಯೂ ಸಿಕ್ಕಿದೆ. ಆ ಹುಡುಗಿಯ ಅಜ್ಜಿ ಗಡಿ ಕಡೆಯ ಒಂದು ಸಣ್ಣ ಪೇಟೆಯಲ್ಲಿ ಈ ಕೆಲಸ ಮಾಡಿದವರು. ಪೇಟೆಯ ಹೆಸರು ಇಲ್ಲಿ ಬೇಡ. ಮಾತಾಡಿಸಲು ಹೋದಾಗ ಇದನ್ನೇ ಹೇಳಿದೆ: "ಅವ್ವಾ, ನಮ್ಮ ತಾತನೂ ತೋಟೀನೇ." ಆಕೆ ಎಲೆ ಅಡಿಕೆ ಪಕ್ಕಕ್ಕೆ ತಳ್ಳಿ ನಕ್ಕರು. "ನಿಮ್ ತಾತನ್ ಕೈಲಿದ್ದಿದ್ದು ದೊಣ್ಣೆ ನಾಯ್ನಾ. ನಮ್ದು ಬಕೀಟು. ಮಳೆ ಬಂದ್ರೆ ದೊಣ್ಣೆ ಸೋರಲ್ಲ." ಆಮೇಲೆ ತಾವೇ ಹೇಳಿದರು: ಕೊಳಾಯಿ ಹತ್ತಿರ ಇವರ ಬಿಂದಿಗೆ ಕೊನೆಗೆ. ಹಿಂದೆ ನಿಲ್ಲಿಸುತ್ತಿದ್ದವರು ಬ್ರಾಹ್ಮಣರಲ್ಲ, ಒಕ್ಕಲಿಗರೂ ಅಲ್ಲ. "ನಿಮ್ಮೋರೇ" ಅಂದರು. ಅದರಲ್ಲಿ ಸಿಟ್ಟಿರಲಿಲ್ಲ, ಮಳೆ ಬಂತು ಅನ್ನುವ ಹಾಗೆ ಹೇಳಿದರು. ನಾನು ಪುಸ್ತಕ ಮುಚ್ಚಿಟ್ಟು ಟೀ ಕುಡಿದೆ.

ದಲಿತ ವಿಮರ್ಶೆಯ ಈ ಸಂಚಿಕೆಯಲ್ಲಿ ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಬೇಕು. ಗಣಿ ಕಾರ್ಮಿಕರ ಚರಿತ್ರೆ ನಮಗೆ ಹೆಮ್ಮೆಯದು. ಚಾಂಪಿಯನ್ ರೀಫ್ಸ್‌ನಲ್ಲಿ ಬೌದ್ಧ ಸಂಘ ಕಟ್ಟಿದರು. ಅಯೋತಿದಾಸರು ಶುರು ಮಾಡಿದ್ದ 'ತಮಿಳನ್' ಪತ್ರಿಕೆಗೆ ಅಪ್ಪಾದುರೈ ಅಲ್ಲಿಂದಲೇ ಮರುಜೀವ ಕೊಟ್ಟರು. 1930ರ ಮುಷ್ಕರದಲ್ಲಿ, ಕಳ್ಳರಂತೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಿಲ್ಲ ಎಂದು ಗಣಿಗೆ ಇಳಿಯದೆ ನಿಂತರು. ಈ ಸ್ವಾಭಿಮಾನದ ಲೈನುಗಳಲ್ಲೇ ಸಾಲು ಕಕ್ಕಸುಗಳಿದ್ದವು. ಅವನ್ನು ಬಳಿಯುತ್ತಿದ್ದವರು ತೆಲುಗು ಮಾತಾಡುವ ಇನ್ನೊಂದು ದಲಿತ ಗುಂಪು. ನಮ್ಮ ಬರಹಗಳಲ್ಲಿ ಮೊದಲನೆಯವರು ಇದ್ದಾರೆ, ಎರಡನೆಯವರನ್ನು ಹುಡುಕಬೇಕು.

ಆ ಎರಡನೆಯವರ ಕೇರಿಯಿಂದ ಬಂದವರು ಬೆಜವಾಡ ವಿಲ್ಸನ್. 1966ರಲ್ಲಿ ಅಲ್ಲೇ ಹುಟ್ಟಿದವರು. ಅಪ್ಪ ಟೌನ್‌ಶಿಪ್‌ನಲ್ಲಿ ಮಲ ಹೊರುವ ಕೆಲಸದಲ್ಲಿದ್ದರು. ಓದಿದ ಹುಡುಗ ಉದ್ಯೋಗ ವಿನಿಮಯ ಕಚೇರಿಗೆ ಹೋದರೆ ಜಾತಿ ನೋಡಿ ಅವರಿಗೂ ಅದೇ ಕೆಲಸಕ್ಕೆ ಶಿಫಾರಸು. ದೇವರಾಜ ಅರಸು ಸಂಪುಟದಲ್ಲಿದ್ದ ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲೇ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರು. ಅದೇ ರಾಜ್ಯದ, ಬೆಂಗಳೂರಿಗೆ ನೂರು ಕಿಲೋಮೀಟರ್ ದೂರದ ಊರಲ್ಲಿ, ಅಷ್ಟರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಗಿದ್ದ ಕಂಪನಿಯ ನೆರಳಲ್ಲಿ, ಬಕೆಟ್ಟು ನಿಲ್ಲಲಿಲ್ಲ. 1993ರಲ್ಲಿ ಒಣ ಕಕ್ಕಸು ನಿಷೇಧದ ಕಾಯ್ದೆ ಬಂತು, ಜಾರಿಗೆ ಬರಲು 1997 ಆಯಿತು. ವಿಲ್ಸನ್ ಮತ್ತು ಸಂಗಡಿಗರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬಂದದ್ದು 2014ರಲ್ಲಿ. ನಡುವೆ ಗಣಿ 2001ರಲ್ಲಿ ಮುಚ್ಚಿತು. ಹತ್ತು ವರ್ಷದ ಮೇಲೆ, 2011ರ ಅಕ್ಟೋಬರಿನಲ್ಲಿ, ಚಿನ್ನ ಮುಗಿದ ಅದೇ ಊರಲ್ಲಿ ಮಲದ ಗುಂಡಿಗೆ ಇಳಿದು ಮೂವರು ಸತ್ತರು.

ಅಜ್ಜಿಯ ಮನೆಯಿಂದ ವಾಪಸು ಬಂದ ರಾತ್ರಿ ಅಪ್ಪನನ್ನು ಕೇಳಿದೆ: ತಾತನ ತೋಟಿಕೆಯಲ್ಲಿ ಬೆಳೆ ಕಾಯುವುದು ಬಿಟ್ಟರೆ ಇನ್ನೇನಿತ್ತು? ಅಪ್ಪ ಲೆಕ್ಕ ಹಾಕಿದರು. ಸಾವಿನ ಸುದ್ದಿ ಊರೂರಿಗೆ ಹೋಗಿ ಹೇಳುವುದು, ಅಮಲ್ದಾರರು ಬಂದರೆ ಸಾಮಾನು ಹೊರುವುದು, ಸತ್ತ ದನ ಎಳೆಯುವುದು. ಅಲ್ಲಿಗೆ ನಿಲ್ಲಿಸಿದರು. ಮತ್ತೆ ಕೇಳಿದೆ. "ಅಷ್ಟು ಸಾಕು ಬರ್ಕೋ," ಅಂದು ಎದ್ದು ಕೈ ತೊಳೆಯಲು ಹೋದರು.